ಹೊನ್ನಿಗಾಗಿ ನಿಂತ ಸೇತುವೆ

ಅಕ್ಕನ ಮದುವೆ ಮುಗಿಸಿಕೊಂಡು ನಾನು ಕುಣಿಗಲ್‌ನಲ್ಲಿ ತುಮಕೂರು ಬಸ್ ಹತ್ತಿದಾಗ, ಒಂದು ಗುಂಪು ಹಗ್ಗದ ಸೇತುವೆಯ ಮೇಲೆ ನಿಂತು ನನಗಾಗಿ ಕಾಯುತ್ತಿತ್ತು.

ನಿಜವಾದ ಸೇತುವೆ ಅಲ್ಲ. ಫೋನಿನೊಳಗಿನ ಸೇತುವೆ.

ನಮ್ಮದೊಂದು ಗ್ರೂಪ್ ಇದೆ, ಹೆಸರು ಬೆಳ್ಳಿಕೋಟೆ. ಒಬ್ಬೊಬ್ಬರು ಒಂದೊಂದು ಪಾತ್ರ ತೆಗೆದುಕೊಂಡು, ಸರದಿಯಲ್ಲಿ ಮೆಸೇಜ್ ಬರೆಯುತ್ತಾ, ಎಲ್ಲರೂ ಸೇರಿ ಒಂದೇ ಕಥೆ ಕಟ್ಟುವ ಆಟ. ನಾನು, ಅಂದರೆ ಇಂಪನಾ, ಅದರಲ್ಲಿ ಹೊನ್ನಿ, ಕೋಟೆಯ ಕುದುರೆಗಳನ್ನು ಪಳಗಿಸುವವಳು. ಕುದುರೆ ಫಾರ್ಮಿಗೆ ಹೆಸರಾದ ಕುಣಿಗಲ್‌ನ ಹುಡುಗಿಗೆ ಕುದುರೆ ಬಿಟ್ಟು ಇನ್ನೇನು ಕೊಡುತ್ತಾರೆ. ನನ್ನ ರೂಮ್‌ಮೇಟ್ ಭೂಮಿಕಾ ನಗಾರಿ ಬಾರಿಸುವವಳು. ತುಮಕೂರಿನ ಶಿರಾ ಗೇಟ್‌ನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗಂಗರಾಜು, ಕಥೆಯಲ್ಲಿ ರಾಗಿ ವ್ಯಾಪಾರಿ. ಎಲ್ಲರನ್ನೂ ನಡೆಸುವ ಸೂತ್ರಧಾರಿ ಅರುಣಕ್ಕ, ಬಟವಾಡಿಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್.

ಮತ್ತೆ ಕೋಟೆಯ ಕಾವಲುಗಾರ ಭೈರ. ಅವನು ಕನಕರಾಜು.

ಈ ಹೆಸರು ಟೈಪ್ ಮಾಡುವಾಗ ನನ್ನ ಹೆಬ್ಬೆರಳು ಸ್ವಲ್ಪ ನಿಧಾನವಾಗುತ್ತದೆ. ಗುಬ್ಬಿಯವನು. ಡಿಪ್ಲೊಮಾ ಮುಗಿಸಿ ತುಮಕೂರಿನದೇ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದಾನೆ, ದಿನಾ ಟ್ರೈನಿನಲ್ಲಿ ಓಡಾಡುತ್ತಾನೆ. ಒಮ್ಮೆ ಗ್ರೂಪಿನವರೆಲ್ಲ ಶಿರಾ ಗೇಟ್‌ನಲ್ಲಿ ಸೇರಿ ಗೋಬಿ ತಿಂದಾಗ ನನ್ನ ಎದುರಿಗೇ ಕೂತಿದ್ದ. ಫೋನಿನಲ್ಲಿ ಪುಟಗಟ್ಟಲೆ ಬರೆಯುವ ಹುಡುಗ, ಅವತ್ತು ಇಡೀ ಸಂಜೆ ಸಾಸ್ ಬಾಟಲಿಯನ್ನೇ ನೋಡಿದ್ದ. ನಾನು ಅವನನ್ನು ನೋಡಿದ್ದೆ. ಕಣ್ರೆಪ್ಪೆ ಅಷ್ಟು ಉದ್ದ ಇರುವವರು ತಲೆ ತಗ್ಗಿಸಿ ಕೂರಬಾರದು, ಎದುರಿಗಿದ್ದವರಿಗೆ ತೊಂದರೆಯಾಗುತ್ತದೆ.

ಕಿಟಕಿ ಪಕ್ಕ ಸೀಟು ಸಿಕ್ಕಿತು. ಗ್ರೂಪ್ ತೆರೆದೆ. ಮದುವೆ ಮನೆಯಲ್ಲಿ ನನ್ನ ಫೋನ್ ನನ್ನದಾಗಿರಲಿಲ್ಲ. ಮೆಹಂದಿ ಡಿಸೈನ್ ಹುಡುಕುವವರ ಕೈಯಿಂದ ರೀಲ್ಸ್ ಮಾಡುವವರ ಕೈಗೆ ಹೋಗಿ ಬರುತ್ತಿತ್ತು. ಗ್ರೂಪನ್ನು ಮ್ಯೂಟ್ ಮಾಡಿಬಿಟ್ಟಿದ್ದೆ. ಈಗ ಸಾವಿರಾರು ಮೆಸೇಜ್. ಬೆರಳು ನೋಯುವ ತನಕ ಮೇಲಕ್ಕೆ ತಳ್ಳಿದೆ. ನಾನು ಹೊರಟ ದಿನಕ್ಕೆ ಬಂದು ನಿಂತೆ.

ಶತ್ರುಗಳು ಬರುತ್ತಿದ್ದಾರೆ. ಎಲ್ಲರೂ ಸೇತುವೆ ದಾಟಬೇಕು. ಕೊನೆಯಲ್ಲಿ ಭೈರ ಅದರ ಹಗ್ಗ ಕಡಿಯಬೇಕು. ಅಲ್ಲಿ ಕನಕರಾಜು ಹೀಗೆ ಬರೆದಿದ್ದ:

‘ಭೈರ ಕೊಡಲಿ ಕೆಳಗಿಟ್ಟ. ಹೊನ್ನಿ, ಈ ಹಗ್ಗ ಕಡಿದರೆ ಮತ್ತೆ ಈ ದಡವಿಲ್ಲ. ನನ್ನ ಜೊತೆ ದಾಟುತ್ತೀಯಾ? ಕುದುರೆ ಕಾಯುವವಳಾಗಿ ಅಲ್ಲ. ನನ್ನವಳಾಗಿ. ಇಷ್ಟು ಹೇಳಿ ಕೈ ಚಾಚಿ ನಿಂತ.’

ಬಸ್ಸು ಒಂದು ಹಂಪ್ ಹಾರಿತು. ನನ್ನೊಳಗೂ ಏನೋ ಹಾರಿತು.

ಅದರ ಕೆಳಗೇ ನನ್ನ ಮೆಸೇಜ್ ಇತ್ತು. ಬ್ಯಾಗ್ ತುಂಬುತ್ತಾ, ಮೇಲೆ ಏನಿದೆ ಎಂದು ನೋಡದೆ ಕಳಿಸಿದ್ದು: ‘ಆಚೆ: ಅಕ್ಕನ ಮದುವೆ, ಊರಿಗೆ ಹೋಗ್ತಿದೀನಿ. ಹೊನ್ನಿನ ಯಾರಾದ್ರೂ ನೋಡ್ಕೊಳ್ಳಿ.’ ಅದಕ್ಕೆ ಅರುಣಕ್ಕನ ಉತ್ತರ: ‘ಸರದಿ ಪ್ರಕಾರ ಕನಕರಾಜು.’

ಇಲ್ಲಿ ನಮ್ಮ ಆಟದ ಮರ್ಯಾದೆಗಳನ್ನು ಹೇಳಬೇಕು. ಕಥೆಯ ಹೊರಗಿನ ಮಾತಾದರೆ ಮೊದಲು ‘ಆಚೆ’ ಎಂದು ಹಾಕಬೇಕು. ಇನ್ನೊಬ್ಬರ ಪಾತ್ರದ ಕೈ, ಕಾಲು, ಬಾಯಿ ನಮ್ಮದಲ್ಲ. ಭೈರ ಕತ್ತಿ ಬೀಸಿದ ಎಂದು ಬರೆಯಬಹುದು, ಅದು ವ್ಯಾಪಾರಿಗೆ ತಾಗಿತು ಎಂದು ಬರೆಯುವ ಹಾಗಿಲ್ಲ. ತಾಗಿತೋ ತಪ್ಪಿತೋ ಗಂಗರಾಜುನೇ ಬರೆಯಬೇಕು. ಊರಿಗೆ ಹೋಗುವವರು ತಮ್ಮ ಪಾತ್ರವನ್ನು ಒಪ್ಪಿಸಿ ಹೋಗಬೇಕು. ನೋಡಿಕೊಳ್ಳುವವರು ಅದನ್ನು ನಡೆಸುತ್ತಾರೆ, ಉಣ್ಣಿಸುತ್ತಾರೆ, ಕಥೆ ನಿಲ್ಲುವ ಹಾಗಿದ್ದರೆ ಅದರ ಬಾಯಲ್ಲಿ ಮಾತೂ ಆಡಿಸಬಹುದು.

ಅಂದರೆ ಕೇಳಿದ ಭೈರನೂ ಅವನ ಕೈಯಲ್ಲಿದ್ದ, ಉತ್ತರಿಸಬೇಕಾದ ಹೊನ್ನಿಯೂ ಅವನ ಕೈಯಲ್ಲಿದ್ದಳು.

ಅವನು ಏನೂ ಬರೆದಿರಲಿಲ್ಲ.

ಹೊನ್ನಿ ಉಂಡಿದ್ದಳು, ನಿದ್ದೆ ಮಾಡಿದ್ದಳು. ತನ್ನ ಕುದುರೆಯ ಗೊರಸಿನಿಂದ ಕಲ್ಲು ತೆಗೆದಿದ್ದಳು. ಆದರೆ ಭೈರನ ಪ್ರಶ್ನೆ ಹಾಗೇ ಗಾಳಿಯಲ್ಲಿತ್ತು. ಉತ್ತರವಿಲ್ಲದೆ ಭೈರ ಕೊಡಲಿ ಎತ್ತುವ ಹಾಗಿಲ್ಲ. ಸರದಿ ಅಲ್ಲೇ ನಿಂತಿದ್ದರಿಂದ ಉಳಿದವರೂ ಮುಂದೆ ಹೋಗುವ ಹಾಗಿಲ್ಲ. ಕೆಳಗೆ ಬರೀ ಬೈಗುಳ.

‘ಆಚೆ: ಕನಕ, ಹೂಂ ಅಂತಾದ್ರೂ ಬರಿ, ಊಹೂಂ ಅಂತಾದ್ರೂ ಬರಿ. ರಾಗಿ ಮೂಟೆ ಹೊತ್ಕೊಂಡು ನಿಂತಿದೀನಿ ಕಣಪ್ಪಾ. ಮೊಳಕೆ ಬರ್ತದೆ ಇನ್ನೇನು.’ ಇದು ಗಂಗರಾಜು.

ಎಲ್ಲಕ್ಕಿಂತ ಕೆಳಗೆ, ಆ ದಿನ ಬೆಳಗ್ಗೆ, ಕನಕರಾಜು: ‘ಆಚೆ: ನನ್ನಿಂದ ಎಲ್ರಿಗೂ ತೊಂದ್ರೆ ಆಗಿದೆ, ಸಾರಿ. ಭಾನುವಾರ ಹೊನ್ನಿನ ಇಂಪನಾಗೆ ವಾಪಸ್ ಒಪ್ಪಿಸಿ, ಗ್ರೂಪ್ ಬಿಡ್ತೀನಿ.’

ನಾನು ಫೋನ್ ಮಡಿಲಲ್ಲಿಟ್ಟು ಹೊರಗೆ ನೋಡಿದೆ. ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಕೇಳಿದ್ದು ಯಾಕೆ, ಬಿಟ್ಟಿದ್ದು ಯಾಕೆ, ಈಗ ಹೊರಟಿರುವುದು ಯಾಕೆ.

* * *

‘ಇದ್ರಲ್ಲಿ ಅರ್ಥ ಆಗದೆ ಇರೋದೇನಿದೆ,’ ಎಂದಳು ಭೂಮಿಕಾ. ಬಟವಾಡಿಯ ನಮ್ಮ ಬಾಡಿಗೆ ರೂಮಿನಲ್ಲಿ ನಾನು ತಂದ ಚಕ್ಕುಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ‘ಕೇಳ್ದ. ಆಮೇಲೆ ಭಯ ಆಯ್ತು. ಒಂದಕ್ಷರ ಕಣೇ, ಹೂಂ ಅಂತ. ತಾನೇ ಕೇಳಿ ತಾನೇ ಹೇಳ್ಕೋಬೋದಿತ್ತು. ಬರೀಲಿಲ್ಲ ಅಂದ್ರೆ ಬೇಡ ಅಂತ.’

‘ಬೇಡ ಅಂದ್ರೆ ಊಹೂಂ ಅಂತ ಬರೀಬೋದಿತ್ತಲ್ಲ.’

‘ಹುಡುಗೀಗೆ ಬೇಜಾರಾಗುತ್ತೆ ಅಂತ ಬಿಟ್ಟಿರ್ತಾನೆ.’

‘ಯಾವ್ ಹುಡುಗೀಗೆ?’

ಭೂಮಿಕಾ ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ‘ನೀನ್ ಕೇಳ್ತಿರೋದು ಹೊನ್ನಿ ಬಗ್ಗೆನಾ, ನಿನ್ ಬಗ್ಗೆನಾ?’

‘ಹೊನ್ನಿ ಬಗ್ಗೆ.’

‘ಮತ್ತೆ ನಿನ್ ಕಿವಿ ಯಾಕೆ ಕೆಂಪಾಗಿದೆ?’

‘ಜುಮ್ಕಿ ಭಾರ.’

ಜುಮ್ಕಿ ನಾನು ಬಸ್ಸಿನಲ್ಲೇ ತೆಗೆದಿಟ್ಟಿದ್ದೆ. ಅವಳಿಗೂ ಕಾಣುತ್ತಿತ್ತು. ಪಾಪ, ಇನ್ನೊಂದು ಚಕ್ಕುಲಿ ತೆಗೆದುಕೊಂಡಳು.

ಪಾತ್ರ ಬೇರೆ, ಆಡುವವರು ಬೇರೆ ಎಂದು ಅರುಣಕ್ಕ ಎಲ್ಲರಿಗೂ ಮೊದಲ ದಿನವೇ ಹೇಳಿರುತ್ತಾಳೆ. ನನಗೂ ಗೊತ್ತು. ಆದರೆ ಭೈರ ಹೊನ್ನಿಯನ್ನು ನೋಡುವಾಗ ಬರೆಯುವ ಸಾಲುಗಳಿವೆಯಲ್ಲ, ‘ಅವಳು ಕುದುರೆಯ ಕಿವಿಯಲ್ಲಿ ಏನೋ ಹೇಳಿದಳು, ಕೇಳಿಸದ ಭೈರ ಆ ಕುದುರೆಯ ಮೇಲೆ ಹೊಟ್ಟೆಕಿಚ್ಚುಪಟ್ಟ’ ಅಂತ. ಅದನ್ನು ಓದಿ ನಾನು ಕಾಲೇಜಿನ ಲ್ಯಾಬಿನಲ್ಲಿ ಬೀಕರ್ ಒಡೆದಿದ್ದೇನೆ. ಒಡೆದದ್ದು ಹೊನ್ನಿಯಲ್ಲ.

ಅವನಿಗೆ ಮೆಸೇಜ್ ಮಾಡಬೇಕೆಂದು ಕೂತೆ. ‘ಯಾಕೆ ಬಿಡ್ತಿದೀಯಾ’ ಎಂದು ಬರೆದು ಅಳಿಸಿದೆ. ‘ಯಾಕೆ ಬರೀಲಿಲ್ಲ’ ಎಂದು ಬರೆದು ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟೇ: ‘ಹಾಯ್.’

ತಕ್ಷಣ ಬಂತು. ‘ಹಾಯ್. ಹೊನ್ನಿ ಹುಷಾರಾಗಿದಾಳೆ.’

‘ಥ್ಯಾಂಕ್ಸ್.’

‘ಕುದುರೆಗೂ ಕಾಲು ನೋವು ಕಮ್ಮಿಯಾಗಿದೆ.’

‘ನೋಡ್ದೆ. ಗೊರಸಿನ ಕಲ್ಲು.’

‘ತಪ್ಪಾಗಿ ಬರ್ದಿದ್ರೆ ಹೇಳು. ನಂಗೆ ಕುದುರೆ ಗೊತ್ತಿಲ್ಲ. ವೀಡಿಯೊ ನೋಡಿ ಬರ್ದೆ.’

ಟೈಪಿಂಗ್ ಎಂದು ಬಂತು. ಹೋಯಿತು. ಮತ್ತೆ ಬಂತು. ನಾನು ಆ ಮೂರು ಚುಕ್ಕಿಗಳನ್ನೇ ನೋಡಿದೆ.

‘ಮದ್ವೆ ಊಟ ಚೆನ್ನಾಗಿತ್ತಾ?’ ಎಂದು ಬಂತು.

ನಾನು ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಕುದುರೆಗಾಗಿ ವೀಡಿಯೊ ನೋಡುವವನು, ನನ್ನನ್ನು ಕೇಳುವುದು ಊಟದ ವಿಷಯ. ಇಷ್ಟ ಇದೆಯಾ, ಇಲ್ಲವಾ. ನನ್ನ ತಲೆಯಲ್ಲಿ ಯಾರೋ ನಗಾರಿ ಬಾರಿಸುತ್ತಿದ್ದರು, ಅದೂ ತಾಳ ತಪ್ಪಿ.

ಮರುದಿನ ಅರುಣಕ್ಕ ಫೋನ್ ಮಾಡಿದಳು. ‘ಇಂಪನಾ, ಭಾನುವಾರ ಬೆಳಗ್ಗೆ ಕ್ಲಿನಿಕ್‌ಗೆ ಬಾ. ಅವ್ನಿಗೂ ಹೇಳಿದೀನಿ. ಎದುರುಬದುರು ಕೂತು ಹೊನ್ನಿನ ಒಪ್ಸಿ ಒಪ್ಪಿಸ್ಕೊಳ್ಳಿ. ನಿಮ್ಮಿಬ್ರಿಂದ ಇಷ್ಟ್ ಜನ ಗಾಳೀಲಿ ನೇತಾಡ್ತಿದಾರೆ.’

‘ಅವ್ನು ನಿಜವಾಗ್ಲೂ ಗ್ರೂಪ್ ಬಿಡ್ತಾನಾ ಅಕ್ಕಾ?’

‘ಅದು ನಂಗೇನ್ ಗೊತ್ತು. ಬಾಯ್ ಬಿಟ್ರೆ ತಾನೇ.’

* * *

ಭಾನುವಾರ ಕ್ಲಿನಿಕ್ಕಿನಲ್ಲಿ ಜನ ಕಡಿಮೆ. ಹಸಿರು ಬೆಂಚಿನ ಒಂದು ತುದಿಯಲ್ಲಿ ಮಂಡಿಗೆ ಟವೆಲ್ ಸುತ್ತಿಕೊಂಡ ವೆಂಕಟಯ್ಯ ಎಂಬ ಮುದುಕರು. ಇನ್ನೊಂದು ತುದಿಯಲ್ಲಿ ಕನಕರಾಜು. ನೀಲಿ ಚೆಕ್ಸ್ ಶರ್ಟು, ಇಸ್ತ್ರಿ ಮಾಡಿದ್ದು. ತೋಳಿನ ಮಡಿಕೆ ಕತ್ತಿಯ ಹಾಗಿತ್ತು. ಗ್ರೂಪ್ ಬಿಟ್ಟು ಹೋಗುವುದಕ್ಕೆ ಯಾರು ಇಸ್ತ್ರಿ ಮಾಡಿಕೊಂಡು ಬರುತ್ತಾರೆ?

ನಾನು ನಡುವೆ ಕೂತೆ. ಅವನು ಒಮ್ಮೆ ನನ್ನ ಕಡೆ ನೋಡಿ, ಗೋಡೆಯ ಮೇಲಿನ ಬಿಪಿ ಚಾರ್ಟಿಗೆ ಕಣ್ಣು ಹಾಕಿದ.

‘ಶುರು ಮಾಡ್ರಪ್ಪಾ,’ ಎಂದಳು ಅರುಣಕ್ಕ ಕೌಂಟರಿನಿಂದ. ‘ಡಾಕ್ಟ್ರು ಬರೋದ್ರೊಳ್ಗೆ ಸೇತುವೆ ಕ್ಲಿಯರ್ ಆಗ್ಬೇಕು.’

‘ಯಾವ್ ಸೇತ್ವೆನವ್ವಾ?’ ಎಂದರು ವೆಂಕಟಯ್ಯ. ‘ಹೈವೇದಾ?’

‘ಇಲ್ಲ ಯಜಮಾನ್ರೇ, ಇವ್ರುದ್ದು ಒಂದು. ಜನ ಮೇಲೆ ಹತ್ತಿ ನಿಂತ್ಬುಟ್ಟವ್ರೆ.’

‘ಇಳ್ಸಿ ಮತ್ತೆ,’ ಎಂದರು ವೆಂಕಟಯ್ಯ.

ನಾನು ಕನಕರಾಜು ಕಡೆ ತಿರುಗಿದೆ. ಧೈರ್ಯ ಬಂದು ಹೋಗುವ ಮೊದಲೇ ಕೇಳಿದೆ. ‘ನೀನ್ ಕೇಳಿದ್ದಕ್ಕೆ ನೀನೇ ಯಾಕೆ ಉತ್ರ ಬರೀಲಿಲ್ಲ? ನಿಂಗೆ ಬೇಡ ಅಂತಿದ್ರೆ ಕೇಳಿದ್ದಾದ್ರೂ ಯಾಕೆ?’

ಅವನು ಬಿಪಿ ಚಾರ್ಟ್ ಬಿಟ್ಟ. ‘ನಂಗೆ ಬೇಡ ಅಂತಾನಾ? ನೀನ್ ತಾನೇ ಬೇಡ ಅಂದಿದ್ದು.’

‘ನಾನಾ? ನಾನ್ಯಾವಾಗ ಅಂದೆ?’

‘ನಾನು ಕೇಳ್ದೆ. ಅದ್ರ ಕೆಳಗೇ ನೀನು, ಊರಿಗೆ ಹೋಗ್ತಿದೀನಿ, ಹೊನ್ನಿನ ಯಾರಾದ್ರೂ ನೋಡ್ಕೊಳ್ಳಿ ಅಂತ ಹಾಕ್ದೆ.’ ಅವನ ಧ್ವನಿ ಸಣ್ಣದಾಯಿತು. ‘ಯಾರಾದ್ರೂ ಅಂತ. ಅದೇ ಉತ್ರ ಅನ್ಕೊಂಡೆ. ಆಮೇಲೆ ಸರದಿ ನಂಗೇ ಬಂತು. ನೀನು ಇಲ್ಲ ಅನ್ಲಿಲ್ಲ. ಅದ್ಕೆ ಒಂದೊಂದ್ಸಲ, ಬೇಕು ಅಂತಾನೇ ನನ್ ಕೈಗೆ ಕೊಟ್ಟಿದಾಳಾ ಅನ್ಸೋದು. ಒಂದೊಂದ್ಸಲ, ತಮಾಷೆ ಮಾಡ್ತಿದಾಳೆ, ನೋಡೋಣ ಏನ್ ಬರ್ಕೋತಾನೆ ಅಂತ ಕಾಯ್ತಿದಾಳೆ ಅನ್ಸೋದು. ತಲೆ ಕೆಟ್ಟೋಗಿತ್ತು ನಂಗೆ.’

‘ನಾನು ನಿನ್ ಮೆಸೇಜ್ ನೋಡೇ ಇರ್ಲಿಲ್ಲ ಕಣೋ. ಬ್ಯಾಗ್ ತುಂಬ್ತಾ ಟೈಪ್ ಮಾಡಿದ್ದು. ಆಮೇಲೆ ಫೋನೇ ನನ್ ಹತ್ರ ಇರ್ಲಿಲ್ಲ.’

‘ನೋಡಿರ್ಲಿಲ್ವಾ?’

‘ಮೊನ್ನೆ ಬಸ್ಸಲ್ಲಿ ನೋಡಿದ್ದು. ನೋಡ್ದಾಗಿಂದ ಮದ್ವೆ ಹೋಳಿಗೆ ಅರಗಿಲ್ಲ.’

ಅವನು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ಬೆರಳ ಸಂದಿಯಿಂದ ನನ್ನನ್ನು ನೋಡಿದ. ಆ ಸಂದಿಯಲ್ಲಿ ಒಂದು ನಗು ಹುಟ್ಟುತ್ತಾ, ಹೆದರಿ ಒಳಗೆ ಹೋಗುತ್ತಾ ಇತ್ತು.

‘ಸರಿ, ಆದ್ರೂ,’ ಎಂದೆ. ‘ಅಷ್ಟ್ ಬೈಸ್ಕೊಂಡ್ಯಲ್ಲ. ಹೂಂ ಅಂತ ಬರ್ದು ಮುಗಿಸ್ಬೋದಿತ್ತು. ನಿಂಗೆ ಹಕ್ಕಿತ್ತು.’

‘ಬರೀತಿದ್ದೆ. ಟೈಪೂ ಮಾಡಿದ್ದೆ, ಹೊನ್ನಿ ಅವನ ಕೈ ಹಿಡಿದಳು ಅಂತ. ಓದಿ ಎಷ್ಟ್ ಖುಷಿಯಾಯ್ತು ಗೊತ್ತಾ.’ ಅವನು ತನ್ನ ಅಂಗೈ ನೋಡಿಕೊಂಡ. ‘ಆಮೇಲೆ ಅನ್ಸ್ತು, ಇದು ನಾನೇ ನಂಗೆ ಹೇಳ್ಕೊಂಡಿದ್ದಲ್ವಾ. ಅವ್ಳ ಊಟ ನಾನ್ ಬರೀಬೋದು, ನಿದ್ದೆ ಬರೀಬೋದು. ಇದೊಂದ್ನ ನಾನ್ ಬರೆದ್ರೆ ಅವ್ಳು ಅಲ್ಲಿ ಇರೋದೇ ಇಲ್ಲ. ಬೇಡ ಅಂತ ಬರೆದ್ರೂ ಅಷ್ಟೇ. ಬೈಲಿ ಬುಡು, ಅವ್ಳೇ ಬಂದು ಬರೀಲಿ ಅಂತ ಬಿಟ್ಟೆ.’

ಮದುವೆ ಮನೆ ನೆನಪಾಯಿತು. ಸೀರೆಯ ಬಣ್ಣ ಯಾವುದಮ್ಮಾ ಎಂದು ಯಾರೋ ನನ್ನನ್ನು ಕೇಳಿದರೆ ದೊಡ್ಡಗಂಗಮ್ಮತ್ತೆ ಹೇಳುತ್ತಿದ್ದರು. ಮುಂದೆ ಏನು ಓದುತ್ತೀ ಎಂದರೆ ಅತ್ತೆ ಹೇಳುತ್ತಿದ್ದರು. ಇನ್ನೂ ಒಂದು ಹೋಳಿಗೆ ಹಾಕಲಾ ಎಂದರೆ, ‘ಅವ್ಳನ್ನೇನ್ ಕೇಳ್ತೀರಾ, ತಿಂತಾಳೆ ಹಾಕಿ’ ಎಂದು ಅತ್ತೆಯೇ ಹೇಳಿದ್ದರು. ಪ್ರೀತಿಯಿಂದಲೇ. ಎಲ್ಲರೂ ಪ್ರೀತಿಯಿಂದಲೇ ನನ್ನ ಬಾಯಿಯಾಗುತ್ತಾರೆ. ಇಲ್ಲೊಬ್ಬ, ನನ್ನ ಬಾಯಿ ಅವನ ಕೈಯಲ್ಲೇ ಇದ್ದರೂ, ಊರೆಲ್ಲ ಬೈದರೂ, ಸುಮ್ಮನೆ ಕಾಯುತ್ತಾ ಕೂತಿದ್ದ.



‘ಹಂಗಾದ್ರೆ ಗ್ರೂಪ್ ಯಾಕ್ ಬಿಡ್ತಿದೀಯಾ?’

‘ನೀನು ಬಂದು ಊಹೂಂ ಅಂತ ಬರೆದ್ಮೇಲೂ ದಿನಾ ಅಲ್ಲೇ ಇರೋಕೆ...’ ಅವನು ತೋಳಿನ ಮಡಿಕೆ ಸವರಿಕೊಂಡ. ‘ಆಗಲ್ಲ ಅನ್ಸ್ತು.’

‘ಏನ್ಲಾ ಕನಕ,’ ಎಂದಳು ಅರುಣಕ್ಕ, ಕಿವಿಗೆ ಫೋನ್ ಇಟ್ಟುಕೊಂಡೇ. ‘ಹೊನ್ನಿನ ಒಪ್ಸಿದ್ಯಾ?’

‘ಒಪ್ಸಿದೆ ಅಕ್ಕಾ.’

‘ಇಂಪನಾ, ಬರಿ ಮತ್ತೆ. ಎಲ್ಲಾ ಆನ್‌ಲೈನ್ ಕೂತವ್ರೆ.’

ನಾನು ಫೋನ್ ತೆಗೆದೆ. ಅವನು ಆ ಕಡೆ ತಿರುಗಿ ಕೂತ, ನಾನು ಬರೆಯುವುದು ಕಾಣಬಾರದೆಂದು. ಅವನ ಕತ್ತಿನ ಹಿಂದೆ ಹೊಸದಾಗಿ ಕಟಿಂಗ್ ಮಾಡಿಸಿದ ಗೆರೆ ಇತ್ತು. ಅದನ್ನು ನೋಡುತ್ತಾ ಹೂಂ ಎಂದು ಬರೆಯುವುದು ತುಂಬ ಸುಲಭ.

ಆದರೆ ಬರೆಯಬೇಕಾದವಳು ಹೊನ್ನಿ. ನಾನು ಕಣ್ಣು ಮುಚ್ಚಿ ಅವಳಾಗಿ ಸೇತುವೆಯ ಈಚೆ ತುದಿಯಲ್ಲಿ ನಿಂತೆ. ಕೆಳಗೆ ಹೊಳೆ. ಹಿಂದೆ ಶತ್ರುಗಳ ಧೂಳು. ದಡದಲ್ಲಿ ನನ್ನ ಕುದುರೆಗಳು. ಹಗ್ಗದ ಸೇತುವೆಯ ಮೇಲೆ ಕುದುರೆ ನಡೆಯುವುದಿಲ್ಲ. ಕುದುರೆ ಕಾಯ್ದ ಕೂಳಿನಲ್ಲೇ ಬೆಳೆದ ಹೊನ್ನಿ ಅವನ್ನು ಬಿಟ್ಟು ದಾಟುವುದಿಲ್ಲ. ಯಾರು ಕೈ ಚಾಚಿದರೂ ದಾಟುವುದಿಲ್ಲ.

ಬರೆದೆ.

‘ಆಚೆ: ನನ್ನಿಂದ ತಡ ಆಯ್ತು, ಎಲ್ರಿಗೂ ಸಾರಿ. ಕನಕರಾಜುದು ತಪ್ಪಿಲ್ಲ.’

ಆಮೇಲೆ: ‘ಹೊನ್ನಿ ಆ ಕೈಯನ್ನು ನೋಡಿದಳು. ಹಿಡಿಯಲಿಲ್ಲ. ನಿನ್ನ ಜೊತೆ ಬರಲಾರೆ ಭೈರ, ಎಂದಳು. ಇವುಗಳನ್ನು ಗುಡ್ಡದ ದಾರಿಯಲ್ಲಿ ಓಡಿಸಿಕೊಂಡು ಹೋಗುತ್ತೇನೆ. ಶತ್ರು ನನ್ನ ಧೂಳು ನೋಡಿ ನನ್ನ ಹಿಂದೆ ಬರಲಿ. ನೀನು ಇವರನ್ನು ದಾಟಿಸು. ಹಗ್ಗ ಕಡಿ. ಇಷ್ಟು ಹೇಳಿ ಕುದುರೆ ಏರಿದಳು.’

ಕಳಿಸಿದೆ. ಅವನ ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ಓದಿದ. ಮತ್ತೆ ಓದಿದ. ಕೌಂಟರಿನಲ್ಲಿ ಅರುಣಕ್ಕ ತನ್ನ ಫೋನ್ ನೋಡಿ, ನನ್ನನ್ನು ನೋಡಿ, ಹಣೆ ಚಚ್ಚಿಕೊಂಡಳು.

‘ಚೆನ್ನಾಗಿ ಬರ್ದಿದೀಯಾ,’ ಎಂದ ಕನಕರಾಜು. ‘ಹೊನ್ನಿ ಹಂಗೇ ಮಾಡೋದು. ನಾನ್ ಬರ್ದಿದ್ರೆ ತಪ್ಪಾಗ್ತಿತ್ತು.’ ನಕ್ಕ. ಕಣ್ಣು ಮಾತ್ರ ನಗಲಿಲ್ಲ. ಏಳಲು ಹೊರಟವನು ಅರ್ಧಕ್ಕೇ ನಿಂತ. ‘ಇದು... ಹೊನ್ನಿ ಮಾತು ತಾನೇ?’

‘ಹೊನ್ನಿ ಮಾತು.’

‘ಮತ್ತೆ ಇಂಪನಾ?’

‘ಇಂಪನಾನ ಯಾರ್ ಕೇಳಿದ್ರು?’

ಅವನು ಮತ್ತೆ ಕೂತ. ಬೆಂಚು ಕಿರ್ ಎಂದಿತು. ಇಷ್ಟು ದಿನ ತಲೆ ತಗ್ಗಿಸಿಕೊಂಡಿದ್ದ ಹುಡುಗ ನೇರವಾಗಿ ನನ್ನ ಮುಖ ನೋಡಿದ. ನಾನೇ ಬಿಪಿ ಚಾರ್ಟಿನ ಕಡೆ ಓಡಬೇಕಾಯಿತು.

‘ಇಂಪನಾ,’ ಎಂದ. ‘ನಂಗೆ ನೀನಂದ್ರೆ ಇಷ್ಟ. ಹೊನ್ನಿ ಅಲ್ಲ, ನೀನು. ಗೋಬಿ ತಿನ್ನೋಕೆ ಹೋದಾಗ್ಲೇ ಹೇಳ್ಬೇಕಿತ್ತು, ಬಾಯೇ ಬರ್ಲಿಲ್ಲ. ನಿಂಗೆ...’

‘ವೆಂಕಟಯ್ಯನೋರೇ, ಡಾಕ್ಟ್ರು ಬಂದ್ರು, ಒಳಗೋಗಿ,’ ಎಂದು ಕೂಗಿದಳು ಅರುಣಕ್ಕ.

‘ತಾಳವ್ವಾ,’ ಎಂದರು ವೆಂಕಟಯ್ಯ. ಮಂಡಿ ಹಿಡಿದುಕೊಂಡು ಅಲ್ಲೇ ಕೂತರು. ‘ಈ ಮಗು ಏನೋ ಹೇಳ್ತೈತೆ.’

ನನಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ. ಅವನು ಆತುರ ಮಾಡಲಿಲ್ಲ. ಅವನ ಕೈ ಬೆಂಚಿನ ಮೇಲೆ ಸುಮ್ಮನೆ ಇತ್ತು, ಕಾಯುವುದು ತನಗೆ ಅಭ್ಯಾಸ ಎನ್ನುವ ಹಾಗೆ.

‘ಹೂಂ,’ ಎಂದೆ. ಸಣ್ಣದಾಗಿ ಬಂತು. ಇನ್ನೊಮ್ಮೆ, ಸರಿಯಾಗಿ ಹೇಳಿದೆ. ‘ಹೂಂ. ನಂಗೂ ಇಷ್ಟ. ಬೀಕರ್ ಒಡ್ಯೋಷ್ಟು ಇಷ್ಟ.’

‘ಏನ್ ಬೀಕರ್?’

‘ಆಮೇಲೆ ಹೇಳ್ತೀನಿ.’

ವೆಂಕಟಯ್ಯ ತೃಪ್ತಿಯಿಂದ ಎದ್ದು ಒಳಗೆ ಹೋದರು. ನಮ್ಮ ಫೋನುಗಳು ಒಂದೇ ಸಮ ಗುಂಯ್‌ಗುಡತೊಡಗಿದವು. ಬಗ್ಗಿ, ಒಂದೇ ಪರದೆಯಲ್ಲಿ ಇಬ್ಬರೂ ಓದಿದೆವು. ಗಂಗರಾಜು ಕೊನೆಗೂ ಮೂಟೆ ಹೊತ್ತು ದಡ ಮುಟ್ಟಿದ್ದ. ಭೂಮಿಕಾ ನಗಾರಿ ನಿಲ್ಲಿಸಿ, ‘ಆಚೆ: ಇಂಪನಾ, ನಿಂಗೆ ಹೃದಯಾನೇ ಇಲ್ವಾ’ ಎಂದು ಕೇಳಿದ್ದಳು. ಅದರ ಕೆಳಗೆ ಮತ್ತೆ ಗಂಗರಾಜು:

‘ಆಚೆ: ಪಾಪ ಕಣ್ರೋ ಕನಕ. ಬೈದಿದ್ದು ತಪ್ಪಾಯ್ತು. ಯಾರಾದ್ರೂ ಫೋನ್ ಮಾಡಿ ಮಾತಾಡ್ಸಿ, ಇವತ್ತು ಅವ್ನು ಒಬ್ನೇ ಇರ್ಬಾರ್ದು.’

ಮರುಕ್ಷಣ ಕನಕರಾಜುವಿನ ಫೋನ್ ರಿಂಗ್ ಆಯಿತು. ಗಂಗರಾಜುನೇ. ನಿಂತಿತು, ಮತ್ತೆ ಆಯಿತು.

‘ಎತ್ತಲ್ವಾ?’ ಎಂದೆ.

‘ಹೆಂಗೆ ಎತ್ಲಿ?’ ಎಂದ ಕನಕರಾಜು. ಅವನ ಎಡಗೈಯಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಬಲಗೈಯಲ್ಲಿ ನಾನಿದ್ದೆ.